ಹೆಬ್ಬೆರಳು

"ಕೈ ಹಿಡ್ಕೊಳ್ಳಿ ಅಂದೆ ಕಣ್ರೀ. ನಾಡಿ ನೋಡಿ ಅನ್ಲಿಲ್ಲ."

ಅಷ್ಟರಲ್ಲಿ ಅವನ ಮೂರು ಬೆರಳು ಹೆಂಡತಿಯ ಮಣಿಕಟ್ಟಿನ ಮೇಲೆ ಕೂತಾಗಿತ್ತು. ಕಣ್ಣು ಗಡಿಯಾರದ ಸೆಕೆಂಡ್ ಮುಳ್ಳಿನ ಮೇಲಿತ್ತು. ಎಣಿಕೆಯನ್ನು ನಡುವೆ ಬಿಡುವುದು ಅವನ ಜಾಯಮಾನವಲ್ಲ. ಮುಗಿಸಿಯೇ ತಲೆಯೆತ್ತಿದ.

"ಎಪ್ಪತ್ತಾರು. ನಿನ್ನೆಗಿಂತ ವಾಸಿ."

"ಹಾಗಾದ್ರೆ ನಾನು ಪಾಸು ಅನ್ನಿ," ಎಂದಳು. ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅದು ಹೊದಿಕೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಎದ್ದು ಅಂಗಿಯ ತೋಳು ಮಡಚಿಕೊಂಡ.

ಹೃದಯ ಸೋತಿದೆ, ಇನ್ನು ಆಸ್ಪತ್ರೆಯಲ್ಲಿಟ್ಟುಕೊಂಡು ಮಾಡುವಂಥದ್ದೇನಿಲ್ಲ ಎಂದು ಡಾಕ್ಟರು ಅವಳನ್ನು ಮನೆಗೆ ಕಳಿಸಿದ್ದರು. ಯಾವಾಗ ಎಂದು ಹೇಳಲಾಗದು, ಜೊತೆಗಿರಿ ಎಂದಿದ್ದರು. ಅವನು ಜೊತೆಗಿದ್ದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಾತ್ರೆಯ ಹಾಗೆ.

"ಇವತ್ತೊಂದಿನ ರಜ ಹಾಕ್ಬಾರ್ದಾ?"

"ಪ್ರಾಕ್ಟಿಕಲ್ ಇದೆ."

"ಏನು ಪಾಠ?"

"ನಾಡಿ."

ಅವಳು ನಕ್ಕಳು. ಉಸಿರು ಸಾಲದೆ ನಗು ಅರ್ಧಕ್ಕೇ ನಿಂತಿತು. "ಸಂಜೆ ಬೇಗ ಬನ್ನಿ. ಬಂದು ಸುಮ್ನೆ ಹಿಡ್ಕೊಂಡು ಕೂತ್ಕೊಳ್ಳಿ. ಎಣಿಸ್ಬೇಡಿ."

"ನೋಡೋಣ."

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅವನಿಗೆ ಅನ್ನಿಸಿತು: ಹೆಂಡತಿಯನ್ನು ಕೈಹಿಡಿದವಳು ಎನ್ನುತ್ತಾರೆ. ಹಿಡಿದಿದ್ದನಲ್ಲ, ಮದುವೆಯ ದಿನ, ಫೋಟೋದವನು ಹಿಡಿದುಕೊಳ್ಳಿ ಎಂದಾಗ. ಆಮೇಲೆ ರಸ್ತೆ ದಾಟುವಾಗಲೂ ಅವಳ ಮೊಣಕೈ ಹಿಡಿದೇ ದಾಟಿಸಿದ್ದ, ರೋಗಿಯನ್ನು ನಡೆಸುವವನಂತೆ. ಆಗ ಅವಳಿಗೆ ಯಾವ ರೋಗವೂ ಇರಲಿಲ್ಲ.

ನರ್ಸಿಂಗ್ ಶಾಲೆಯ ಲ್ಯಾಬಿನಲ್ಲಿ ಅಭ್ಯಾಸಕ್ಕೆಂದು ಒಂದು ರಬ್ಬರ್ ಕೈಯಿತ್ತು. ಅದಕ್ಕೆ ಜೋಡಿಸಿದ ಕೊಳವೆಯ ಇನ್ನೊಂದು ತುದಿಯ ಗಾಳಿಯುಂಡೆಯನ್ನು ಇವನು ಒತ್ತಿದರೆ ಅದರ ಮಣಿಕಟ್ಟು ಮಿಡಿಯುತ್ತಿತ್ತು. ಒತ್ತದಿದ್ದರೆ ಸತ್ತ ಕೈ. ಹುಡುಗಿಯರು ಸಾಲಾಗಿ ಬಂದು ಹಿಡಿದರು, ತಡಕಾಡಿದರು, ತುಟಿ ಕಚ್ಚಿಕೊಂಡರು. ಕೊನೆಗೆ ಒಬ್ಬಳು ಕೂಗಿಯೇಬಿಟ್ಟಳು.

"ಸಿಕ್ತು ಸಾರ್! ಎಷ್ಟು ಚೆನ್ನಾಗಿ ಹೊಡ್ಕೊಳ್ತಿದೆ!"

ಇವನ ಕೈ ಉಂಡೆಯ ಮೇಲೆ ಸುಮ್ಮನಿತ್ತು. "ನಾನಿನ್ನೂ ಒತ್ತೇ ಇಲ್ವಲ್ಲಮ್ಮ," ಎಂದ. ತರಗತಿ ನಕ್ಕಿತು. ಅವಳು ಹಿಡಿದದ್ದು ಹೆಬ್ಬೆರಳಿನಿಂದ.

"ಹೆಬ್ಬೆರಳಿಗೆ ಅದರದ್ದೇ ನಾಡಿ ಇದೆ. ಅದನ್ನ ನಂಬಬೇಡಿ. ಸತ್ತವರ ಕೈ ಹಿಡಿದ್ರೂ ಬದುಕಿದಾರೆ ಅನ್ನುತ್ತೆ."

"ಆದ್ರೆ ನನಗೆ ನಿಜವಾಗ್ಲೂ ಸಿಕ್ತು ಸಾರ್."

"ಸಿಕ್ಕಿದ್ದು ನೀನೇ."

ಮತ್ತೆ ನಗು. ಹುಡುಗಿಯ ಕಣ್ಣು ತುಂಬಿಕೊಂಡದ್ದನ್ನು ನೋಡಿ ಅವನಿಗೆ ಕಸಿವಿಸಿಯಾಯಿತು. ಉಂಡೆ ಒತ್ತತೊಡಗಿದ.

ಪಾಠ ಮುಗಿದರೂ ಅವನು ಹೊರಡಲಿಲ್ಲ. ಒರೆಸಿದ ಬೋರ್ಡನ್ನೇ ಮತ್ತೆ ಒರೆಸಿದ. ರಬ್ಬರ್ ಕೈಯನ್ನು ಪೆಟ್ಟಿಗೆಗೆ ಹಾಕಿದ, ತೆಗೆದ, ಮತ್ತೆ ಹಾಕಿದ. ಮನೆಯಲ್ಲಿ ಅಂಗೈಯೊಂದು ಬಿಚ್ಚಿಕೊಂಡು ಕಾಯುತ್ತಿತ್ತು. ಅದಕ್ಕೆ ಅವನು ಹೆದರುತ್ತಿದ್ದ.

ಬಾಗಿಲು ತೆಗೆದದ್ದು ಅತ್ತೆ, ಮಗಳ ಆರೈಕೆಗೆಂದು ಬಂದಿದ್ದವರು. ದನಿ ತಗ್ಗಿಸಿ, "ಈಗ ತಾನೇ ಕಣ್ಣು ಮುಚ್ಚಿದಾಳೆ. ನಿಮ್ಮ ದಾರಿ ನೋಡಿ ನೋಡಿ ಸಾಕಾಯ್ತು ಅವಳಿಗೆ," ಎಂದರು.

"ಬಸ್ಸು ಸಿಗಲಿಲ್ಲ."

ಕೋಣೆಯಲ್ಲಿ ಮುಸ್ಸಂಜೆಯ ಮಬ್ಬಿತ್ತು. ಕೈ ಹೊದಿಕೆಯ ಮೇಲೆ ಬೆಳಿಗ್ಗೆಯ ಹಾಗೇ ಇತ್ತು. ಅವನು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಕುರ್ಚಿ ಎಳೆದು ಕೂತು, ಕಳ್ಳನಂತೆ ಅತ್ತಿತ್ತ ನೋಡಿ, ತನ್ನ ಅಂಗೈಯನ್ನು ಅವಳ ಅಂಗೈಯಲ್ಲಿಟ್ಟ. ತಣ್ಣಗಿತ್ತು. ಕಿಟಕಿ ತೆರೆದಿತ್ತಲ್ಲ.

ಕೆಲಸ ಕಳೆದುಕೊಂಡ ಮೂರು ಬೆರಳು ಅವಳ ಕೈಯ ಹಿಂಬದಿಗೆ ಪೆದ್ದುಪೆದ್ದಾಗಿ ಒರಗಿದವು. ಹೆಬ್ಬೆರಳು ತಾನಾಗಿ ಹೋಗಿ ಮಣಿಕಟ್ಟಿನ ಮೇಲೆ ನಿಂತಿತು. ಅಲ್ಲಿ ಮಿಡಿತವಿತ್ತು. ಸ್ಪಷ್ಟವಾಗಿ, ತುಂಬಿಕೊಂಡು ಬಡಿಯುತ್ತಿತ್ತು.

ಅವನಿಗೆ ಸಂತೋಷವಾಯಿತು. ಇಷ್ಟೇನಾ ಇದು, ಇಷ್ಟಕ್ಕೆ ಇಷ್ಟು ವರ್ಷ ಬೇಕಾಯಿತೇ ಎನ್ನಿಸಿತು. "ಬಂದೆ ಕಣೇ," ಎಂದ. "ಎಣಿಸ್ತಿಲ್ಲ ನೋಡು."

ಅವಳ ಬೆರಳು ಅವನ ಕೈಯ ಮೇಲೆ ಮಡಚಿಕೊಳ್ಳಲಿಲ್ಲ.

ಆಗ ಅವನಿಗೆ ಆ ಹುಡುಗಿಯ ಮುಖ ನೆನಪಾಯಿತು.

ಮೂರು ಬೆರಳನ್ನು ಒಂದಿಷ್ಟು ಸರಿಸಿ ಮಣಿಕಟ್ಟಿಗೆ ತಂದರೆ ಸಾಕಿತ್ತು. ಗೊತ್ತಾಗಿಬಿಡುತ್ತಿತ್ತು. ಸರಿಸಲಿಲ್ಲ. ಅವಳ ಎದೆಯತ್ತಲೂ ನೋಡಲಿಲ್ಲ.

"ಹೇಗಿದಾಳೆ?" ಬಾಗಿಲಿನಿಂದ ಅತ್ತೆ ಕೇಳಿದರು.

"ನಾಡಿ ಇದೆ."

"ಸದ್ಯ," ಎಂದು ಅವರು ದೀಪದ ಸ್ವಿಚ್ಚಿಗೆ ಕೈ ಚಾಚಿದರು.

"ಹಾಕ್ಬೇಡಿ!"

ಅತ್ತೆ ಅಲ್ಲೇ ನಿಂತರು. ಅವನ ಹೆಬ್ಬೆರಳಿನಡಿ ಮಿಡಿತ ಜೋರಾಗುತ್ತಿತ್ತು, ಓಡತೊಡಗಿತ್ತು. ಬೇಡ ಬೇಡವೆಂದುಕೊಂಡೇ ಅವನು ಅದನ್ನು ಎಣಿಸುತ್ತಿದ್ದ.