ಅಚ್ಚಿನಲ್ಲೇ ಉಳಿದ ಮಾತು

ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತ ಮೇಲೆ ಮನೆಯವರಿಗೆಲ್ಲ ಒಂದೇ ಚಿಂತೆ: ನಾವು ಹೇಳಿದ್ದು ಅವರಿಗೆ ತಿಳಿಯುತ್ತದೆಯೋ ಇಲ್ಲವೋ? ಸೀಟಿ ಊದಿ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸುತ್ತಿದ್ದ ಡ್ರಿಲ್ ಮೇಷ್ಟ್ರು ಈಗ ಕಿಟಕಿಯ ಪಕ್ಕ ಗೋಡೆ ನೋಡುತ್ತ ಕೂತಿರುತ್ತಿದ್ದರು. “ಅಣ್ಣನಿಗೆ ಏನೂ ತಿಳಿಯಲ್ಲ ಅತ್ತಿಗೆ, ಆಸೆ ಬಿಡಿ,” ಎಂದು ಚಿಕ್ಕಪ್ಪ ಅಂದೇಬಿಟ್ಟ. ಬಾಯಿಗೆ ಬಂದದ್ದನ್ನು ಆಡುವುದರಲ್ಲಿ ಆತ ಎತ್ತಿದ ಕೈ.

ಮಗಳು ಕೈಕಟ್ಟಿ ಕೂರುವವಳಲ್ಲ. ಮೊಬೈಲ್ ಆ್ಯಪ್ ಬರೆಯುವುದೇ ಅವಳ ಹೊಟ್ಟೆಪಾಡು. ಅಪ್ಪನಿಗೆಂದೇ ಒಂದನ್ನು ಕಟ್ಟಿದಳು. ಪರದೆಯ ಮೇಲೆ ಪೆಟ್ಟಿಗೆಯೊಂದು ತೆರೆಯುತ್ತದೆ. ನಡುವೆ ಪ್ರಶ್ನೆ, ಕೆಳಗೆ ‘ಹೌದು’, ‘ಇಲ್ಲ’ ಎಂಬ ಎರಡು ಬಟನ್. ಪೆಟ್ಟಿಗೆಯ ಅಚ್ಚು ಒಂದೇ, ಪ್ರತಿ ಸಲ ಅದರಿಂದ ಹೊಸ ಪೆಟ್ಟಿಗೆ ಮೂಡುತ್ತದೆ; ಪ್ರಶ್ನೆಯನ್ನು ಮಾತ್ರ ಆ್ಯಪ್ ಆಯಾ ಹೊತ್ತಿಗೆ ತಂದು ಕೂರಿಸಬೇಕು. ಅಚ್ಚು ಮಾಡುವಾಗ ಅಕ್ಷರ ಎಷ್ಟು ಜಾಗ ಹಿಡಿಯುತ್ತದೆಂದು ನೋಡಲು ನಡುವೆ ಏನೋ ಒಂದು ಸಾಲು ತುಂಬಿದ್ದಳು. ತುಂಬಿ ಮರೆತಿದ್ದಳು.

‘ನೀರು ಬೇಕೇ?’ ‘ಕಿಟಕಿ ಮುಚ್ಚಲೇ?’ ‘ನೋವಿದೆಯೇ?’ ದಿನವೂ ಪೆಟ್ಟಿಗೆ ತೆರೆಯಿತು. ಗೋರ್ಕಲ್ಲ ಮೇಲೆ ಮಳೆಗರೆದಂತೆ. ಅಪ್ಪ ಬೆರಳೆತ್ತಲಿಲ್ಲ. ಚಿಕ್ಕಪ್ಪನ ಮಾತೇ ನಿಜವಿರಬಹುದೆಂದು ಅವಳಿಗೂ ಭಯ ಹತ್ತಿತು.

ಒಂದು ಬೆಳಿಗ್ಗೆ ಆ್ಯಪನ್ನು ತಿದ್ದಿ ಹೊಸದು ಹಾಕಿದಳು. ಎಡವಿದ್ದು ಅಲ್ಲೇ. ಪ್ರಶ್ನೆ ತುಂಬಿದ್ದು ಒಂದು ಪೆಟ್ಟಿಗೆಗೆ, ತೆರೆದು ತೋರಿಸಿದ್ದು ಅದೇ ಅಚ್ಚಿನ, ಪ್ರಶ್ನೆ ತುಂಬದ ಇನ್ನೊಂದನ್ನು. ಈ ಕಸುಬಿನವರೆಲ್ಲ ಒಮ್ಮೆಯಾದರೂ ಮಾಡಿ ಹಣೆ ಚಚ್ಚಿಕೊಳ್ಳುವ ತಪ್ಪು ಇದು. ಅಪ್ಪನೆದುರು ಬಂದದ್ದು ಅಚ್ಚಿನಲ್ಲೇ ಉಳಿದಿದ್ದ ಆ ಹಳೆಯ ಸಾಲು, ಮದುವೆಯಾದಾಗಿನಿಂದ ಅಮ್ಮ ಬಿಡದೆ ಕೇಳಿಕೊಂಡು ಬಂದ ಮಾತು:

‘ನಿಮ್ಮ ಗೊರಕೆಗೆ ಪಕ್ಕದ ಮನೆಯವರೂ ಎದ್ದು ಕೂರ್ತಾರೆ. ಈಗಲಾದ್ರೂ ಒಪ್ಕೋತೀರಾ?’

ಮಗಳು ಅದನ್ನು ಮುಚ್ಚಲು ಕೈ ಚಾಚಿದಳು. ಅಷ್ಟರಲ್ಲಿ ಅಪ್ಪನ ಬೆರಳು ಎದ್ದಿತು. ನಡುಗುತ್ತ ‘ಹೌದು’ ದಾಟಿ, ‘ಇಲ್ಲ’ ಒತ್ತಿತು.

“ಕೈ ತಾಗಿರ್ಬೇಕು ಕಣೇ,” ಎಂದಳು ಅಮ್ಮ. ಆಸೆಪಡಲೂ ಅವಳಿಗೆ ಹೆದರಿಕೆ.

ಮಗಳು ಎರಡು ಬಟನ್‌ಗಳ ಜಾಗ ಅದಲುಬದಲು ಮಾಡಿ, ಅದೇ ಪೆಟ್ಟಿಗೆಯನ್ನು ಮತ್ತೆ ತೆರೆದಳು. ಬೆರಳು ಹಳೆಯ ಜಾಗಕ್ಕೇ ಹೋಯಿತು. ನಿಂತಿತು. ಅಪ್ಪ ಹುಬ್ಬು ಗಂಟಿಕ್ಕಿ ಓದಿದರು. ಬೆರಳನ್ನು ಇನ್ನೊಂದು ಕಡೆಗೆ ಎಳೆದುಕೊಂಡು ಹೋಗಿ ‘ಇಲ್ಲ’ ಎಂದೇ ಒತ್ತಿದರು.

ಜನ ಓದದೆ ಮುಚ್ಚುವ ಇಂಥ ಪೆಟ್ಟಿಗೆಗಳನ್ನು ಲೆಕ್ಕವಿಲ್ಲದಷ್ಟು ಕಟ್ಟಿದ್ದಳು ಮಗಳು. ಆ ನಾಲ್ಕು ಗೆರೆಗಳ ಮುಂದೆ ಈಗ ಅಪ್ಪ ಇದ್ದರು, ಇಡಿಯಾಗಿ, ಹಟದ ಸಮೇತ.

“ಹುಟ್ಟುಗುಣ ಸುಟ್ರೂ ಹೋಗಲ್ಲ,” ಎನ್ನುತ್ತ ಅಮ್ಮ ಕಣ್ಣೊರೆಸಿಕೊಂಡಳು. ಕುರ್ಚಿ ಹತ್ತಿರ ಎಳೆದುಕೊಂಡಳು. “ನೀರು ಬೇಕಾ, ನೀರು ಬೇಕಾ ಅಂತ ಇವರ ತಲೆ ತಿಂದ್ವಿ ನಾವು. ಈಗ ನಾನು ಹೇಳ್ತೀನಿ, ನೀನು ಬರಿ.”

ಮಗಳು ತಪ್ಪು ಸರಿಪಡಿಸಿ, ಅಮ್ಮ ಹೇಳಿದ್ದನ್ನು ಹಾಗೇ ಕೂರಿಸಿದಳು:

‘ದಿನಾ ಪಕ್ಕದಲ್ಲೇ ಕೂತು ಮಾತಾಡ್ತಿದ್ನಲ್ಲ. ಕೇಳಿಸ್ತಿತ್ತಾ?’

ಅಪ್ಪ ಓದಿದರು. ತಲೆಯೆತ್ತಿ ಅಮ್ಮನ ಮುಖವನ್ನೇ ನೋಡುತ್ತ, ಬೆರಳಿನಿಂದ ತಡವಿ, ‘ಹೌದು’ ಒತ್ತಿದರು.