ಐತವಾರದ ಫೋಟೋ

ಗಂಡನ ಕಾಲಿನ ಎರಡೂ ಹೆಬ್ಬೆರಳನ್ನು ಸೇರಿಸಿ ಬಿಳಿ ದಾರ ಬಿಗಿಯುತ್ತಿದ್ದ ಸಾವಂತ್ರೆವ್ವನ ಕೈ ನಡುವೆಯೇ ನಿಂತಿತು. ಹೆಣದ ತಲೆದಿಂಬಿನ ಅಡಿಯಿಂದ ಫೋನು ಮತ್ತೆ ಟಣ್ ಎಂದಿತ್ತು. ನಸುಕಿನಿಂದ ಅದು ಬಡಿದುಕೊಳ್ಳುತ್ತಲೇ ಇತ್ತು. ರಾತ್ರಿ ಎದೆ ಹಿಡಿದುಕೊಂಡು ಮಲಗಿದ ಗೋವಿಂದಪ್ಪ ಎಂದಿನಂತೆ ಅದನ್ನು ದಿಂಬಿನ ಕೆಳಗೆ ಇಟ್ಟಿದ್ದ, ಯಾರೂ ತೆಗೆದಿರಲಿಲ್ಲ.

"ಬಂದ್ ಮಾಡ್ಲೇನ ಚಿಗವ್ವಾ?" ಎಂದ ಲೋಹಿತ, ಅದನ್ನು ಹೊರಗೆ ತೆಗೆದು. ಗೋವಿಂದಪ್ಪನ ಅಣ್ಣನ ಮಗ. ಮಕ್ಕಳಿಲ್ಲದ ಆ ಮನೆಗೆ ಮಗನೆಂದರೆ ಅವನೇ.

"ಯಾರದಪಾ ಅದು?"

"ಅಭ್ಯಾಸ ಮಂದಿರದ ಗ್ರೂಪು. ಎಲ್ಲಾರೂ ಕೈ ಮುಗದದ್ದು, ಹೂವಿಂದು ಹಾಕಾಕತ್ತಾರ."

"ಅದರಾಗಿಂದ ನಿಮ್ಮ ಕಾಕಾನ್ನ ತಗದು ಹಾಕಿದ್ರಲ್ಲ?"

"ಮುಂಜಾನೆ ಸೆಕ್ರೆಟ್ರಿ ಮಿಲಿಂದ ಮತ್ತ ಸೇರ್ಸ್ಯಾನ. ಮನಿಯವರು ನೋಡ್ಲಿ ಅಂತ."

ಸಾವಂತ್ರೆವ್ವ ದಾರಕ್ಕೆ ಗಂಟು ಹಾಕಿ, "ಏನ್ ಬರದಾನ, ಓದು" ಎಂದಳು.

ಲೋಹಿತ ಗಂಟಲು ಸರಿಮಾಡಿಕೊಂಡು ಓದಿದ. "ನಮ್ಮ ಮಾರ್ಗದರ್ಶಕರೂ ಸತ್ಯನಿಷ್ಠರೂ ಆದ ಗೋವಿಂದಪ್ಪನವರ ಅಗಲಿಕೆಯಿಂದ ನಮ್ಮ ಮಂದಿರ ಅನಾಥವಾಗಿದೆ..."

"ಸಾಕು" ಎಂದಳು. ತುತ್ತಿನಲ್ಲಿ ಕೂದಲು ಸಿಕ್ಕಂತಾಗಿತ್ತು. ಎಂಟು ತಿಂಗಳ ಹಿಂದೆ ಕಸ ಹೊಡೆದಂತೆ ಹೊರಗೆ ಹಾಕಿದ ಕೈಯೇ ಇದನ್ನು ಬರೆದಿತ್ತು. ಗೋಡೆಯ ಗಡಿಯಾರ ನೋಡಿದಳು. ಎಂಟು ಗಂಟೆ, ಐತವಾರ. ಫೋನನ್ನು ಲೋಹಿತನ ಕೈಯಿಂದ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

*

ಗೋವಿಂದಪ್ಪ ಮೂವತ್ತೆರಡು ವರ್ಷ ಹುಬ್ಬಳ್ಳಿಯ ಓಣಿ ಓಣಿಗೆ ನೀರು ಬಿಟ್ಟವನು. ವಾರಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ನೀರು ಬಿಡುವವನ ಮಾತೆಂದರೆ ಸಾಮಾನ್ಯದ್ದಲ್ಲ. ಮದುವೆಯ ದಿನ ಗೊತ್ತು ಮಾಡುವವರೂ ಮೊದಲು ಅವನನ್ನು ಕೇಳುತ್ತಿದ್ದರು. ಬುಧವಾರ ನಾಲ್ಕಕ್ಕೆ ಎಂದರೆ ಬುಧವಾರ ನಾಲ್ಕಕ್ಕೆ ನಲ್ಲಿ ಗೊರಗೊರ ಅನ್ನಲೇಬೇಕು. ಪೈಪು ಒಡೆದ ದಿನ ಮನೆಮನೆಗೆ ಹೋಗಿ ತಾನೇ ಹೇಳಿ, ಬೈಸಿಕೊಂಡು ಬರುತ್ತಿದ್ದ.

"ಬರಾಂಗಿಲ್ಲ ಅಂದ್ರ ಬೈತಾರ, ಅಷ್ಟ" ಎನ್ನುತ್ತಿದ್ದ ಹೆಂಡತಿಗೆ. "ಬರ್ತೈತಿ ಅಂದು ಬರಲಿಲ್ಲಂದ್ರ, ಪಾಪ, ಕೊಡ ಹಿಡಕೊಂಡು ಕುಂತ ಬಿಡ್ತಾರ."

ಅವನು ನಿವೃತ್ತನಾದ ವರ್ಷ ಓಣಿಯವರು ಒಂದು ಅಭ್ಯಾಸ ಮಂದಿರ ಕಟ್ಟಲು ಹೊರಟರು. ಒಂದೇ ಖೋಲಿಯ ಮನೆಗಳಲ್ಲಿ ಟಿವಿ, ಕುಕ್ಕರು, ಅಜ್ಜನ ಕೆಮ್ಮು ಎಲ್ಲದರ ನಡುವೆ ಓದುವ ಹುಡುಗಿಯರಿಗೆ ಕೂರಲು ಒಂದು ಜಾಗ ಬೇಕಿತ್ತು. ಇದೇ ಓಣಿಯಲ್ಲಿ ಬೆಳೆದು ಪುಣೆ, ಮುಂಬಯಿ, ಬೆಳಗಾವಿಯಲ್ಲಿ ನೌಕರಿ ಹಿಡಿದವರು ದೇಣಿಗೆ ಕಳಿಸಿದರು. ಅವರು ಬಂದು ನೋಡುವಂತಿರಲಿಲ್ಲ. ಹಾಗಾಗಿ ಗೋವಿಂದಪ್ಪ ಪ್ರತಿ ಐತವಾರ ಎಂಟಕ್ಕೆ ಒಂದು ಫೋಟೋ ಕಳಿಸುವುದೆಂದು ಒಪ್ಪಿಕೊಂಡ.

ಜಾಗದ ಎದುರಿಗೆ ಅವನೇ ಎಷ್ಟೋ ವರ್ಷ ತೆರೆದು ಮುಚ್ಚಿದ ವಾಲ್ವಿನ ಗುಂಡಿ ಇತ್ತು. ಅದರ ಸಿಮೆಂಟಿನ ಮುಚ್ಚಳದ ಮೇಲೆ ನಿಲ್ಲಬೇಕು. ಎಡಕ್ಕೆ ಬೇವಿನ ಗಿಡ, ಬಲಕ್ಕೆ ಲೈಟಿನ ಕಂಬ, ಎರಡೂ ಬರಬೇಕು. ಹಾಗೆ ತೆಗೆದರೆ ಉಳಿದುದೆಲ್ಲ ಇದ್ದಲ್ಲೇ ಇದ್ದು ಕಟ್ಟಡವೊಂದೇ ಬೆಳೆಯುವುದು ಕಾಣುತ್ತಿತ್ತು. ಪಾಯ ಬಂತು, ಕಂಬ ಎದ್ದವು. "ಕಾಕಾನ ಫೋಟೋ ನೋಡಿದ ಮ್ಯಾಲೆ ನಮ್ಮನ್ಯಾಗ ನಾಷ್ಟಾ" ಎಂದು ಪುಣೆಯಿಂದ ಒಬ್ಬಳು ಬರೆದಿದ್ದಳು.

ಒಮ್ಮೆ ಅವನ ಕಾಲು ಬಾತು ಕೆಳಗಿಡಲಾಗದಿದ್ದಾಗ ಸಾವಂತ್ರೆವ್ವನನ್ನು ಕಳಿಸಿದ. ಅವಳು ತೆಗೆದು ತಂದದ್ದನ್ನು ನೋಡಿ, "ಬೇವಿನ ಗಿಡ ಎಲ್ಲೈತಿ?" ಎಂದ.

"ಗಿಡಾ ಏನ್ ಓಡಿ ಹೋಗೂದೈತೇನ್ರಿ?"

"ಗಿಡ ಇಲ್ಲಂದ್ರ ಅದು ನಮ್ಮ ಜಾಗಾ ಅಂತ ಅವರಿಗೆ ಹೆಂಗ ಗೊತ್ತಾಗಬೇಕು? ಹೋಗು, ಮುಚ್ಚಳದ ಮ್ಯಾಲೆ ನಿಂದ್ರು."

ಗೊಣಗುತ್ತ ಮತ್ತೆ ಹೋಗಿ ತೆಗೆದಳು. ಹಸಿರು ಬಾಣ ಒತ್ತಿ ಕಳಿಸುವುದನ್ನೂ ಅಂದೇ ಕಲಿತಳು.

ಕಂಬಗಳಾದ ಮೇಲೆ ಕೆಲಸ ನಿಂತಿತು. ದೇಣಿಗೆಯ ದುಡ್ಡು ಕೈಯಲ್ಲಿಟ್ಟುಕೊಂಡಿದ್ದ ಕಾರ್ಯದರ್ಶಿ ಮಿಲಿಂದ ಇವತ್ತು ನಾಳೆ ಎನ್ನುತ್ತ ಹೋದ. ಗೋವಿಂದಪ್ಪ ನಿಂತ ಕೆಲಸದ ಫೋಟೋವನ್ನೇ ಕಳಿಸುತ್ತ ಹೋದ. ಕಬ್ಬಿಣದ ಸರಳಿಗೆ ತುಕ್ಕು ಹಿಡಿಯಿತು, ಕಾಂಗ್ರೆಸ್ ಕಸ ಮೊಣಕಾಲಿಗೆ ಬಂದು ಸೊಂಟಕ್ಕೆ ಬಂತು, ಬೇರೆ ಏನೂ ಬೆಳೆಯಲಿಲ್ಲ. ಒಂದು ದಿನ ಮಿಲಿಂದನೇ ಗ್ರೂಪಿಗೆ ಒಂದು ಫೋಟೋ ಹಾಕಿದ. ಹೊಸದಾಗಿ ಹಾಕಿದ ಸ್ಲ್ಯಾಬು, ಮೇಲೆ ನೀರುಣಿಸುವ ಆಳುಗಳು. ಎಲ್ಲರೂ ಚಪ್ಪಾಳೆ ಒತ್ತಿದರು.

ಗೋವಿಂದಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಹಿಂದ ನೀರಿನ ಟಾಕಿ ಐತಲ್ಲ, ಇದಕ್ಕ ನಾನ ಎರಡು ವರ್ಷ ನೀರ ಬಿಟ್ಟೇನಿ. ಇದು ತಾರಿಹಾಳ." ಗ್ರೂಪಿನಲ್ಲಿ ಹಾಗೆಯೇ ಬರೆದ: ಇದು ತಾರಿಹಾಳದ ಯಾವುದೋ ಗೋದಾಮು, ನಮ್ಮದು ಇನ್ನೂ ಹೀಗಿದೆ. ಕೆಳಗೆ ತಾನು ಆ ವಾರ ತೆಗೆದ ಫೋಟೋ. ಅವನು ಕನ್ನಡಕ ಇಳಿಸುವುದರೊಳಗೆ ಅದನ್ನು ಅಳಿಸಿ, ಅವನನ್ನೂ ತೆಗೆದು ಹಾಕಿದ್ದರು.

ಆಮೇಲೂ ಪ್ರತಿ ಐತವಾರ ಹೋಗಿ ತೆಗೆಯುತ್ತಿದ್ದ. ರೊಟ್ಟಿ ಬಡಿಯುವ ಹೆಂಡತಿಯ ಮುಂದೆ ಹಿಡಿಯುತ್ತಿದ್ದ, ನೋಡುವವಳು ಅವಳೊಬ್ಬಳೇ. ಅವಳೋ, "ಯಾರಿಗೂ ಕಳಸದ್ದು ಯಾಕ ತಗೀತೀರಿ? ಮಿಲಿಂದ ದೊಡ್ಡ ಮಂದಿ ಕೂಡ ಅಡ್ಡ್ಯಾಡಾವ. ಸುಮ್ನ ಕುಂದರ್ರಿ" ಎಂದಿದ್ದಳು. ಆ ವಾರ ಮಿಲಿಂದ ಕೊಟ್ಟು ಕಳಿಸಿದ ಪೇಡೆಯ ಡಬ್ಬಿಯನ್ನು ಗೋವಿಂದಪ್ಪ ಮುಟ್ಟಲಿಲ್ಲ. ತಿಂದವಳು ಅವಳೇ.

*

ಹತ್ತು ಗಂಟೆಗೆ ಮಿಲಿಂದ ಬಂದ. ಬಿಳಿ ಅಂಗಿ, ಮೈತುಂಬ ಅತ್ತರು. ಊದುಬತ್ತಿಯ ವಾಸನೆಯನ್ನೂ ಮೀರಿ ಅದು ಖೋಲಿಯಲ್ಲಿ ತುಂಬಿಕೊಂಡಿತು.

"ಕಾಕೂ, ಸ್ವಲ್ಪ ಈ ಕಡೆ ಸರೀರಿ" ಎಂದು ಅವಳನ್ನು ಅವಳ ಗಂಡನ ತಲೆಯ ಬಳಿಯಿಂದ ಸರಿಸಿ, ಮಾಲೆ ಹಾಕಿ, ಜೊತೆಯವನು ಫೋಟೋ ತೆಗೆಯುವವರೆಗೆ ಹಾಗೇ ಬಗ್ಗಿ ನಿಂತ. ಫೋಟೋ ಸರಿಯಾಗಿ ಬರಲಿಲ್ಲವೆಂದು ಮಾಲೆಯನ್ನು ತೆಗೆದು ಇನ್ನೊಮ್ಮೆ ಹಾಕಿದ.

ಪಕ್ಕದ ಮನೆಯ ರೆಹಮತ್‌ಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಥೂ, ಎರಡ ಸಲ" ಎಂದಳು.

ಮಿಲಿಂದ ಮೆಲುದನಿಯಲ್ಲಿ ಮಾತು ತೆಗೆದ. "ಕಾಕೂ, ಹೋಗೂವಾಗ ಮಂದಿರದ ಮುಂದ ಎರಡ ನಿಮಿಷ ಇಳಸೂಣು. ಅವರ ಕನಸಲ್ಲೇನ್ರಿ ಅದು? ಹೊರಗಿನವರೆಲ್ಲಾ ಕೇಳಾಕತ್ತಾರ, ಗೋವಿಂದಪ್ಪನವರ ಫೋಟೋ ಯಾಕ ಬರವಲ್ದು ಅಂತ. ಇವತ್ತ ಅಲ್ಲೆ ಅವರದೊಂದು ಫೋಟೋ ಹೋತಂದ್ರ ಮಂದಿಗೆ ಮತ್ತ ವಿಶ್ವಾಸ ಬರ್ತೈತಿ."

"ಹಿಂದ ಕಸಾ ಕಾಣ್ತೈತಲ್ಲಪಾ" ಎಂದಳು ಸಾವಂತ್ರೆವ್ವ.

"ಅದಕ್ಕ ವ್ಯವಸ್ಥಾ ಮಾಡೇವ್ರಿ."

ಜೊತೆಯವನು ಅಂಗಳದಲ್ಲಿ ಫ್ಲೆಕ್ಸಿನ ಸುರುಳಿ ಬಿಚ್ಚಿ ತೋರಿಸಿದ. ಮೂರಂತಸ್ತಿನ ಅಭ್ಯಾಸ ಮಂದಿರ, ಗಾಜಿನ ಕಿಟಕಿಗಳು, ಮುಂದೆ ಹುಲ್ಲು, ಮೇಲೆ ಹಾರುವ ಪಾರಿವಾಳಗಳು. ಹೊಸ ಪ್ಲಾಸ್ಟಿಕ್ಕಿನ ವಾಸನೆ ಗಪ್ಪೆಂದು ಬಂತು. "ಛಲೋ ಮಾಡಿಸ್ಯಾರ" ಎಂದು ಯಾರೋ ಅಂದರು. ಸಾವಂತ್ರೆವ್ವನ ಗಂಟಲಿಗೆ ಅಂದು ತಿಂದ ಪೇಡೆಯ ಸಿಹಿ ಮರಳಿ ಬಂದಂತಾಯಿತು. ಹಿತ್ತಲಿಗೆ ಹೋಗಿ ಉಗುಳಿದಳು. ಮಿಲಿಂದನ ಮೇಲೆ ಹೇಸಿಕೆ, ತನ್ನ ಮೇಲೆ ಅದಕ್ಕಿಂತ ಒಂದು ಕೈ ಹೆಚ್ಚು. ಬದುಕಿದ್ದಾಗ ಬಾಯಿ ಮುಚ್ಚಿಸಲಾಗದವನನ್ನು ಈಗ ಸಾಕ್ಷಿಗೆ ಮಲಗಿಸಲು ಬಂದಿದ್ದರು. ಇವತ್ತು ಆ ಒಂದು ಫೋಟೋ ಹೋದರೆ ಮೂವತ್ತೆರಡು ವರ್ಷದ ಮಾತು ನೀರಿನಲ್ಲಿ ಹೋದ ಹಾಗೆಯೇ.

*

ಬುದ್ಧಂ ಸರಣಂ ಹೇಳಿ ಮುಗಿಸಿ ಚಟ್ಟ ಎತ್ತಿದಾಗ ಹನ್ನೊಂದು ಹೊಡೆದಿತ್ತು. ಹೆಂಗಸರು ಹಿಂದೆ ನಡೆದರು. ಮಂದಿರದ ಜಾಗದ ಮುಂದೆ ಇಬ್ಬರು ಆಗಲೇ ಫ್ಲೆಕ್ಸ್ ಹಿಡಿದು ನಿಂತಿದ್ದರು.

"ಇಲ್ಲೇ, ಇಲ್ಲೇ ಇಳಸ್ರಿ" ಎಂದು ಮಿಲಿಂದ ಕೈ ಅಡ್ಡ ಮಾಡಿದ.

ಮುಂದಿನ ಹೆಗಲು ಕೊಟ್ಟಿದ್ದ ಲೋಹಿತ ಹೊರಳಿ ಚಿಗವ್ವನನ್ನು ನೋಡಿದ.

"ಇಳಸಬ್ಯಾಡ" ಎಂದಳು ಸಾವಂತ್ರೆವ್ವ. "ನಡಿ ಮುಂದ."

"ಕಾಕೂ, ಎರಡ ನಿಮಿಷದ ಮಾತು..."

"ಬಾಯಿ ಇದ್ದಾಗ ತಗದು ಹಾಕಿದಿ. ಈಗ ಬಾಯಿ ಇಲ್ಲಂತ ಹೌದು ಅನಸ್ತೀಯೇನು? ಬರಲಾರದ ನೀರು ಬಂತು ಅಂದವರಲ್ಲ ಅವರು. ಲೋಹಿತಾ, ನಿಂದ್ರಬ್ಯಾಡ."

ಚಟ್ಟ ಮುಂದೆ ಸಾಗಿತು. ಫ್ಲೆಕ್ಸ್ ಹಿಡಿದಿದ್ದವರಲ್ಲಿ ಒಬ್ಬ ಸ್ವಲ್ಪ ಹೊತ್ತು ಅತ್ತಿತ್ತ ನೋಡಿದ, ಆಮೇಲೆ ತನ್ನ ತುದಿಯನ್ನು ಮಿಲಿಂದನ ಕೈಗೆ ಕೊಟ್ಟು ಹೆಗಲು ಕೊಡಲು ಓಡಿದ. ನೆಲಕ್ಕೆ ಬಿದ್ದರೆ ಕೊಳೆಯಾಗುತ್ತದೆಂದು ಮಿಲಿಂದ ಅದನ್ನು ಎತ್ತಿ ಹಿಡಿದುಕೊಂಡ.

ಸಾವಂತ್ರೆವ್ವ ರಸ್ತೆ ದಾಟಿದಳು. ಚಪ್ಪಲಿ ಬಿಟ್ಟು ಗುಂಡಿಯ ಮುಚ್ಚಳ ಹತ್ತಿದಳು. ಸೊಂಟದಿಂದ ಫೋನು ತೆಗೆದು ಎರಡೂ ಕೈಯಲ್ಲಿ ಹಿಡಿದಳು. ಎಡಕ್ಕೆ ಬೇವಿನ ಗಿಡ ಬಂತು, ಬಲಕ್ಕೆ ಲೈಟಿನ ಕಂಬ ಬಂತು. ನಡುವೆ ಗಾಜಿನ ಕಿಟಕಿಗಳ ಮಂದಿರ, ಅದರ ತಲೆಯ ಮೇಲೆ ತುಕ್ಕು ಹಿಡಿದ ಸರಳುಗಳು, ಬುಡದಲ್ಲಿ ಕಾಂಗ್ರೆಸ್ ಕಸ, ತುದಿಯಲ್ಲಿ ಮಿಲಿಂದ. ಒತ್ತಿದಳು. ಮತ್ತೊಮ್ಮೆ ನೋಡಿ, ಗಿಡ ಇದೆ ಎಂದು ಖಾತ್ರಿ ಮಾಡಿಕೊಂಡು, ಮಂದಿರದ ಗ್ರೂಪಿಗೆ ಹೋಗಲೆಂದು ಹಸಿರು ಬಾಣ ಒತ್ತಿದಳು. ಐತವಾರದ ಫೋಟೋ ಮೂರು ತಾಸು ತಡವಾಗಿತ್ತು.

ಮೆರವಣಿಗೆಯ ಹಿಂದಿನಿಂದ ಮುಂದಿನವರೆಗೂ ಕಿಸೆಗಳು ಟಣ್ ಟಣ್ ಎಂದವು. ಹೆಗಲು ಕೊಟ್ಟವರ ಕಿಸೆಯಲ್ಲೂ ಎಂದಿತು. ಮಿಲಿಂದ ಅಭ್ಯಾಸಬಲದಿಂದ ಕೈ ಬಿಟ್ಟು ತನ್ನ ಕಿಸೆಗೆ ಹಾಕಿದ, ಮೂರಂತಸ್ತಿನ ಮಂದಿರ ಒಂದು ಕಡೆಯಿಂದ ಮಡಚಿಕೊಂಡು ಕಸದೊಳಗೆ ಇಳಿಯಿತು.