ಹಿಂದಕ್ಕೆ ತಿರುಗಿದ ಮೋಟಾರು

ತರಬೇತಿ ಕೇಂದ್ರದಲ್ಲಿ ಬೆಳಗಿನ ಮೊದಲ ಪಾಠ ಪೊರಕೆಯದು. ಮೇಜುಗಳ ಕೆಳಗೆ ಬಿದ್ದ ತಾಮ್ರದ ತಂತಿಯ ಚೂರು, ಕರಕಲಾದ ಕಾಗದ, ಹಳೇ ವಾರ್ನಿಶ್ಶಿನ ಸಿಪ್ಪೆ ಎಲ್ಲವನ್ನೂ ಗುಡಿಸುವವರು ಕಲ್ಲುಕ್ವಾರಿಯ ಗುಡಿಸಲುಗಳಿಂದ ಬಂದ ಎಂಟು ಜನ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಕೆಲಸ ಕಲಿಯಲು ಸೇರಿ ಆರು ತಿಂಗಳಾಗುತ್ತ ಬಂದಿತ್ತು. ಗುಡಿಸುವುದರಲ್ಲಂತೂ ಎಂಟೂ ಜನ ಚೆನ್ನಾಗಿ ಪಳಗಿದ್ದರು.

ಅವರಲ್ಲೊಬ್ಬಳು ಕಡ್ಡಿ. ಸಣಕಲು ಮೈ, ಕಡ್ಡಿ ಮುರಿದಂಥ ಮಾತು; ಎರಡಕ್ಕೂ ಸೇರಿ ಆ ಒಂದೇ ಅಡ್ಡಹೆಸರು ಸಾಕಾಗಿತ್ತು. ಪಕ್ಕದಲ್ಲೇ ಗುಡಿಸುತ್ತಿದ್ದವಳು ಅವಳ ಅಣ್ಣನ ಹೆಂಡತಿ, ಅತ್ತಿಗೆ. ಇಬ್ಬರೂ ಹತ್ತು ವರ್ಷ ಜಲ್ಲಿ ಒಡೆದವರು.

ಒಂಬತ್ತು ಗಂಟೆಗೆ ಊರಿನೊಳಗಿನ ಹನ್ನೆರಡು ಜನ ಬಂದು ಮೇಜುಗಳ ಮುಂದೆ ನಿಲ್ಲುತ್ತಿದ್ದರು. ಕ್ವಾರಿಯ ಎಂಟು ಜನ ಹಿಂದಿನ ಬೆಂಚಿನಲ್ಲಿ ಕೂರಬೇಕು. ಯಾಕೆಂದು ಮೊದಲ ದಿನವೇ ಕೇಳಿದ್ದಕ್ಕೆ ಮೇಷ್ಟ್ರು ಮೆತ್ತಗೆ ಹೇಳಿದ್ದರು: "ತಂತಿ ಮೇಲೆ ಕೂದಲಿನಷ್ಟು ತೆಳು ಲೇಪ ಇರುತ್ತಮ್ಮ. ನಿಮ್ಮದು ಕಲ್ಲೊಡೆದ ಕೈ, ಒರಟು. ಲೇಪ ಗೀರಿದ್ರೆ ಮೋಟಾರೇ ಸುಟ್ಟುಹೋಗುತ್ತೆ. ಸದ್ಯಕ್ಕೆ ನೋಡಿ ಕಲೀರಿ." ಆ ಸದ್ಯ ಮುಗಿಯಲೇ ಇಲ್ಲ. ಮೇಷ್ಟ್ರು ಕೆಟ್ಟವರಲ್ಲ, ಆದರೆ ಕೇಂದ್ರದ ಮ್ಯಾನೇಜರ ಮುಂದೆ ಅವರ ನಾಲಿಗೆ ಏಳುತ್ತಿರಲಿಲ್ಲ.

ಕೊನೆಯ ವಾರದ ಸೋಮವಾರ ಮ್ಯಾನೇಜರು ದಪ್ಪ ರಿಜಿಸ್ಟರು ಹಿಡಿದು ಬಂದರು. ಪ್ರತಿಯೊಂದು ಹೆಸರಿನ ಮುಂದೆ 'ಕೈಯಾರೆ ಮಾಡಿದ ಕೆಲಸ: ಇನ್ನೂರ ನಲವತ್ತು ಗಂಟೆ' ಎಂದು ಆಗಲೇ ಬರೆದಿತ್ತು.

"ಬೇಗ ಬೇಗ ಸೈನ್ ಹಾಕಿ. ಶನಿವಾರ ಸರ್ಟಿಫಿಕೇಟು, ಗ್ರೂಪ್ ಫೋಟೋ. ಎಲ್ರೂ ಒಗೆದ ಬಟ್ಟೆ ಹಾಕ್ಕೊಂಡು ಬನ್ನಿ."

ಹನ್ನೆರಡು ಸೈನುಗಳು ಸರಸರನೆ ಬಿದ್ದವು. ರಿಜಿಸ್ಟರು ಹಿಂದಿನ ಬೆಂಚಿಗೆ ಬಂತು. ಕಡ್ಡಿ ಓದಿದಳು, ಇನ್ನೊಮ್ಮೆ ಓದಿದಳು, ಪೆನ್ನು ಮುಚ್ಚಿಟ್ಟಳು.

"ನಾನು ಹಾಕಲ್ಲ ಸಾರ್. ಒಂದು ಗಂಟೆಯೂ ತಂತಿ ಮುಟ್ಟಿಲ್ಲ ನಾವು."

ಮ್ಯಾನೇಜರಿಗೆ ಮೊದಲು ನಗು ಬಂತು. "ಅಲ್ಲಮ್ಮಾ, ಬಿಟ್ಟಿ ಸರ್ಟಿಫಿಕೇಟು ಕೊಡ್ತೀನಿ ಅಂದ್ರೂ ಬೇಡ್ವಾ? ನಿಮ್ಮ ಕಡೆಯೋರನ್ನ ಸೇರಿಸ್ಕೊಂಡಿರೋದೇ ದೊಡ್ಡ ಮಾತು. ಸೈನ್ ಹಾಕದಿದ್ರೆ ಕಾಗದ ಇಲ್ಲ. ಕಾಗದ ಇಲ್ಲದೆ ಯಾವ ರಿಪೇರಿ ಅಂಗಡಿಯೋನೂ ಒಳಗೆ ಬಿಟ್ಕೊಳ್ಳಲ್ಲ. ಮತ್ತೆ ಸುತ್ತಿಗೆ ಹಿಡಿ ಹೋಗು."

ಅತ್ತಿಗೆ ಅವಳ ಸೆರಗು ಜಗ್ಗಿದಳು. "ಸುಮ್ನೆ ಹಾಕೇ ಮಾರಾಯ್ತಿ. ಜಲ್ಲಿಪುಡಿ ನುಂಗಿ ನುಂಗಿ ನಿಮ್ಮಣ್ಣನ ಎದೆ ಹೋಯ್ತು. ನನಗೆ ಆ ಗುಂಡಿಗೆ ವಾಪಸ್ ಹೋಗೋಕಾಗಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಬೇಡ."

ಅತ್ತಿಗೆ ಹೇಳಿದ್ದರಲ್ಲಿ ಸುಳ್ಳೇನಿತ್ತು? ಆದರೂ ಕಡ್ಡಿ ಎಂದಳು: "ಕಾಗದ ನೋಡಿ ನಾಳೆ ಯಾರೋ ಮೋಟಾರು ತಂದಿಡ್ತಾರೆ ಅತ್ತಿಗೆ. ನಾವು ಸುಟ್ಟುಹಾಕ್ತೀವಿ. ಆಮೇಲೆ ಊರೆಲ್ಲಾ ಏನಂತಾರೆ? ಕಲಿಸಲಿಲ್ಲ ಅಂತಾರಾ? 'ಇವರ ಹಣೇಲಿ ಬರೆದಿಲ್ಲ' ಅಂತಾರೆ. ನಮ್ಮ ಹಿಂದೆ ಬರೋ ಮಕ್ಕಳಿಗೆ ಈ ಬಾಗಿಲೂ ಮುಚ್ಚುತ್ತೆ."

"ಕುಣೀಲಾರದೋಳು ನೆಲ ಡೊಂಕು ಅಂದಳಂತೆ!" ಮ್ಯಾನೇಜರು ಮೂಲೆಯಲ್ಲಿದ್ದ ಸುಟ್ಟ ಪಂಪ್ ಮೋಟಾರನ್ನು ಕಾಲಿನಿಂದ ಮುಂದೆ ತಳ್ಳಿದರು. "ಅಷ್ಟು ರೋಷ ಇದ್ರೆ ಇದನ್ನ ಓಡಿಸಿ ತೋರಿಸು. ಗುರುವಾರದವರೆಗೂ ಟೈಮು. ಆಗಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ಸೈನ್ ಹಾಕ್ಬೇಕು, ಎಂಟೂ ಜನ."

"ಆಯ್ತು," ಎಂದಳು ಕಡ್ಡಿ.

ಆದರೆ ಹಿಂದಿನ ಬೆಂಚಿನವರು ಆರು ತಿಂಗಳು ಕಣ್ಣು ಮುಚ್ಚಿ ಕೂತಿರಲಿಲ್ಲ. ಒಬ್ಬರು ಸುತ್ತುಗಳ ಎಣಿಕೆ ನೆನಪಿಟ್ಟಿದ್ದರು, ಇನ್ನೊಬ್ಬರು ತಂತಿ ಕೂರುವ ಸ್ಲಾಟಿನೊಳಗೆ ಕಾಗದ ಮಡಚುವ ಬಗೆಯನ್ನು. ಯಾವ ತುದಿ ಯಾವುದಕ್ಕೆ ಸೇರಬೇಕೆಂಬುದನ್ನು ಕಡ್ಡಿ ಕ್ವಾರಿಯ ಬಂಡೆಯ ಮೇಲೆ ಇದ್ದಿಲಿನಲ್ಲಿ ಗೀಚಿ ಗೀಚಿ ಬಾಯಿಪಾಠ ಮಾಡಿದ್ದಳು. ಇನ್ನುಳಿದದ್ದು ಒರಟು ಕೈಯ ಮಾತು. ಬೆಳಗ್ಗೆ ಬೈದುಕೊಂಡೇ ಇದ್ದ ಅತ್ತಿಗೆ ತನ್ನ ಹಳೇ ಸೀರೆಯ ಸವೆದ ತುದಿಯನ್ನು ಪರ್ರನೆ ಹರಿದು ಹದಿನಾರು ಪಟ್ಟಿ ಮಾಡಿದಳು. ಬೆರಳಿಗೆ ಸುತ್ತಿಕೊಂಡರೆ ತಂತಿ ಒಂದು ಗೀರೂ ಇಲ್ಲದೆ ಜಾರಿತು. ಆರು ತಿಂಗಳ ನೆಪ ಒಂದು ಹರಕು ಬಟ್ಟೆಗೆ ಮುಗಿದುಹೋಯಿತಲ್ಲ! ಅದನ್ನು ನೋಡಿದ ಮೇಷ್ಟ್ರು ಕಿಟಕಿಯ ಕಡೆಗೆ ತಿರುಗಿ ನಿಂತರು.

ಗುರುವಾರ ಅಂಗಳದ ತೊಟ್ಟಿಯ ಪಕ್ಕದಲ್ಲಿ, ತಾವು ಸುತ್ತಿ ಮುಗಿಸಿದ ಮೋಟಾರನ್ನು ಪಂಪಿಗೆ ಕೂರಿಸಿದರು. ಕಡ್ಡಿ ಸ್ವಿಚ್ಚು ಒತ್ತಿದಳು. ಮೋಟಾರು ಗುರ್ ಎಂದು ತಿರುಗಿತು. ಪೈಪಿನಿಂದ ಮಾತ್ರ ನೀರು ಬೆರಳಷ್ಟು ದಪ್ಪಕ್ಕೆ ಸೊರಗಿ ಬಿತ್ತು. ಮೋಟಾರು ಹಿಂದಕ್ಕೆ ತಿರುಗುತ್ತಿತ್ತು.

ಹನ್ನೆರಡು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡಿದ್ರಾ?" ಮ್ಯಾನೇಜರು ಕೈ ಚಾಚಿ ರಿಜಿಸ್ಟರು ತರಿಸಿದರು. "ನಾನು ಬಡ್ಕೊಂಡೆ. ಇದೆಲ್ಲ ಹುಟ್ಟಿನಿಂದ ಬರಬೇಕು, ಇವರಿಗೆಲ್ಲಿಂದ ಬರುತ್ತೆ?"

ಅತ್ತಿಗೆ ತಲೆ ಮೇಲೆ ಕೈಹೊತ್ತು ಕೂತಳು. ಕಡ್ಡಿ ಸ್ವಿಚ್ಚು ಆರಿಸಿ, ಫ್ಯೂಸ್ ಕಿತ್ತು ಕೈಯಲ್ಲಿಟ್ಟುಕೊಂಡು, ಮೋಟಾರಿನ ತಂತಿ ಸೇರುವ ಡಬ್ಬಿಯ ಮುಚ್ಚಳ ಬಿಚ್ಚಿದಳು. ಒಳಬಂದ ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿ ಬಿಗಿದಳು. ಫ್ಯೂಸ್ ಹಾಕಿ ಮತ್ತೆ ಸ್ವಿಚ್ಚು ಒತ್ತಿದಳು.

ನೀರು ತೊಟ್ಟಿಯ ಆಚೆಯ ಗೋಡೆಗೆ ರಪ್ಪನೆ ಬಡಿದು ಮ್ಯಾನೇಜರ ಷರಾಯಿಯನ್ನು ಮಂಡಿಯವರೆಗೂ ತೋಯಿಸಿತು.

"ಈ ಹನ್ನೆರಡು ಜನ ಸುತ್ತಿದ ಮೋಟಾರಲ್ಲಿ ಐದು ಹಿಂದಕ್ಕೇ ತಿರುಗಿದ್ವು ಸಾರ್. ಹಿಂದಿನ ಬೆಂಚಿಂದ ಎಣಿಸಿದ್ದೀನಿ. ಪ್ರತಿ ಸಲಾನೂ ಮೇಷ್ಟ್ರು ಬಂದು ಎರಡು ತಂತಿ ಬದಲಾಯಿಸಿ ಹೋದ್ರು, ಯಾರೂ ನಗಲಿಲ್ಲ." ಕಡ್ಡಿ ಮ್ಯಾನೇಜರ ಕಡೆಗೆ ಒಂದು ಹೆಜ್ಜೆ ಇಟ್ಟಳು. "ಅವರದು ಹಿಂದಕ್ಕೆ ತಿರುಗಿದ್ರೆ ತಂತಿ ತಪ್ಪು. ನಮ್ಮದು ತಿರುಗಿದ್ರೆ ಹುಟ್ಟೇ ತಪ್ಪಾ?"

ನಕ್ಕವರಲ್ಲಿ ಕೆಲವರು ಕಾಲಬುಡ ನೋಡಿಕೊಂಡರು.

"ಐದಲ್ಲ, ಏಳು," ಎಂದರು ಮೇಷ್ಟ್ರು ಮೆಲ್ಲಗೆ. "ಎರಡನ್ನ ನೀವೆಲ್ಲ ಮನೆಗೆ ಹೋದ ಮೇಲೆ ಸರಿಮಾಡಿದ್ದೆ. ತಪ್ಪು ನನ್ನದೂ ಇದೆ."

ಮ್ಯಾನೇಜರು ಷರಾಯಿ ಹಿಂಡುತ್ತ ರಿಜಿಸ್ಟರು ಮುಂದೆ ಹಿಡಿದರು. "ಸರಿ ಕಣಮ್ಮ, ಗೆದ್ದೆ. ಈಗಲಾದ್ರೂ ಸೈನ್ ಹಾಕು."

ಕಡ್ಡಿ ಪೆನ್ನು ತೆಗೆದುಕೊಂಡು ಇನ್ನೂರ ನಲವತ್ತನ್ನು ಹೊಡೆದುಹಾಕಿದಳು. 'ಇಪ್ಪತ್ತಾರು' ಎಂದು ಬರೆದು ಅದರ ಮುಂದೆ ಸೈನ್ ಹಾಕಿದಳು. "ಕೆಲಸ ಮಾಡಿದ್ದು ಇಷ್ಟು ಗಂಟೆ. ಉಳಿದದ್ದು ಕಲಿಸಿ, ಅದಕ್ಕೂ ಹಾಕ್ತೀವಿ."

"ಸರ್ಟಿಫಿಕೇಟು ಮೂರು ತಿಂಗಳು ತಡ ಆಗುತ್ತೆ! ಮೇಲಿನೋರಿಗೆ ನಾನೇನು ಉತ್ತರ ಕೊಡಲಿ?"

"ಇದ್ದದ್ದು ಇದ್ದ ಹಾಗೆ ಹೇಳಿ. ನಮ್ಮ ಮುತ್ತಾತನ ಕಾಲದಿಂದ ಕಾದಿದ್ದೀವಿ, ಮೂರು ತಿಂಗಳು ಯಾವ ಮಹಾ?"

ಮೇಷ್ಟ್ರು ಮ್ಯಾನೇಜರ ಮುಖ ನೋಡಲಿಲ್ಲ. ಒಳಗೆ ಹೋಗಿ ಇನ್ನೊಂದು ಸುಟ್ಟ ಮೋಟಾರನ್ನು ಎದೆಗವುಚಿಕೊಂಡು ತಂದು ಮುಂದಿನ ಮೇಜಿನ ಮೇಲೆ ಧೊಪ್ಪನೆ ಇಟ್ಟರು. ಕಡ್ಡಿ ಆ ಕಡೆ ಹೆಜ್ಜೆ ಇಟ್ಟಿದ್ದಳಷ್ಟೆ, ಅತ್ತಿಗೆ ಅವಳನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು.

"ಸರಿಯೇ ಆಚೆ. ಇದು ನಂದು."